ಅಲ್ಲಿ ಹಾಕಿಸಿದ ಉಗುರು, ಇಲ್ಲಿ ತೆಗೆಯುವವರು ಯಾರು?

ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿ ಮಾಡುವ ಮಗಳು ನಾಗರಪಂಚಮಿಗೆ ತವರಿಗೆ ಬರುತ್ತಾಳೆ. ಹತ್ತೂ ಬೆರಳಿಗೆ ಉದ್ದನೆಯ, ಹೊಳೆಯುವ ಉಗುರು. ಬಂದ ದಿನ ಓಣಿಯ ಹುಡುಗಿಯರೆಲ್ಲ ಕೈ ಹಿಡಿದು ನೋಡುತ್ತಾರೆ. ಮಾರನೇ ದಿನ ರೊಟ್ಟಿ ಬಡಿಯಲು ಕೂತರೆ ಹಿಟ್ಟೆಲ್ಲ ಉಗುರಿನ ಸಂದಿಯಲ್ಲಿ. ಜೋಕಾಲಿ ಹಗ್ಗಕ್ಕೆ ಸಿಕ್ಕಿ ಒಂದು ಉಗುರಿನ ಅಂಚು ಬೇರೆ ಎದ್ದಿರುತ್ತದೆ. ತೆಗೆಸಿಬಿಡೋಣವೆಂದು ಬನಹಟ್ಟಿಗೋ ಜಮಖಂಡಿಗೋ ಹೋದರೆ ಪಾರ್ಲರ್ ಅಕ್ಕಾರು ಕೈ ಹೊರಳಿಸಿ ನೋಡಿ ಹೇಳುತ್ತಾರೆ: “ಇದು ನಮ್ಮಲ್ಲಿ ಹಾಕಿದ್ದಲ್ಲರೀ. ನಾವು ತೆಗಿಯಂಗಿಲ್ಲ.”

ಹಿಪ್ಪರಗಿಯಂಥ ಊರಿನಿಂದ ಬಸ್ಸು ಹಿಡಿದು ಹೋದವರಿಗೆ ಇದರಿಂದ ಒಂದು ದಿನವೇ ಕೆಟ್ಟಂತೆ. ಇನ್ನೊಂದು ಪಾರ್ಲರಿಗೆ ಹೋದರೂ ಅದೇ ಉತ್ತರ ಸಿಗಬಹುದು. ಬೇಸತ್ತು ಮನೆಗೆ ಬಂದು ಹಲ್ಲಿನಿಂದಲೋ ಸೇಫ್ಟಿ ಪಿನ್ನಿನಿಂದಲೋ ಎಬ್ಬಿಸಿದರೆ ನಕಲಿ ಉಗುರಿನ ಜೊತೆ ಅಸಲಿ ಉಗುರಿನ ಮೇಲ್ಪದರವೂ ಕಿತ್ತು ಬರುತ್ತದೆ. ಪಾರ್ಲರಿನವರು ಏಕೆ ಒಲ್ಲೆ ಅನ್ನುತ್ತಾರೆ, ಅವರನ್ನು ಒಪ್ಪಿಸಲು ನಿಮ್ಮ ಕೈಯಲ್ಲಿ ಯಾವ ಮಾಹಿತಿ ಇರಬೇಕು, ಯಾವುದನ್ನು ಮನೆಯಲ್ಲೇ ತೆಗೆಯಬಹುದು, ಯಾವುದಕ್ಕೆ ಕೈ ಹಚ್ಚಲೇಬಾರದು ಎಂಬುದನ್ನು ನೋಡೋಣ.

ಒಲ್ಲೆ ಅನ್ನುವುದರ ಹಿಂದೆ

ಬಹಳ ಸಲ ಇದು ಸೊಕ್ಕಿನ ಮಾತಲ್ಲ. ಉಗುರಿನ ಮೇಲೆ ಏನಿದೆ ಎಂಬುದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಜೆಲ್ ಇರಲಿ, ಅಕ್ರಿಲಿಕ್ ಇರಲಿ, ಪ್ಲಾಸ್ಟಿಕ್ ಟಿಪ್ ಇರಲಿ, ಮೇಲೆ ಬಣ್ಣ ಬಳಿದು ಹೊಳಪು ಕೊಟ್ಟರೆ ಎಲ್ಲವೂ ಒಂದೇ ಥರ. ಆದರೆ ಒಂದೊಂದನ್ನೂ ತೆಗೆಯುವ ರೀತಿ ಬೇರೆ. ಹದಿನೈದು ನಿಮಿಷದಲ್ಲಿ ಬಿಡುವ ಸರಕೋ, ಒಂದು ತಾಸು ಉಜ್ಜಬೇಕಾದ ಸರಕೋ ತಿಳಿಯದೆ ದರ ಹೇಳುವುದು ಹೇಗೆ?

ಎರಡನೆಯ ಕಾರಣ ಆಪಾದನೆಯ ಭಯ. ಮೊದಲು ಹಾಕಿದವರು ಡ್ರಿಲ್ಲಿನಿಂದ ಉಗುರನ್ನು ಅತಿಯಾಗಿ ತೆಳ್ಳಗೆ ಮಾಡಿರಬಹುದು. ಒಳಗೆ ನೀರು ಸೇರಿ ಹಸಿರು ಕಲೆ ಕಟ್ಟಿರಬಹುದು. ಉಗುರು ಚರ್ಮದಿಂದ ಬಿಟ್ಟುಕೊಂಡಿರಲೂಬಹುದು. ಮೇಲಿನ ಮುಚ್ಚಳ ಇರುವ ತನಕ ಇದಾವುದೂ ಕಾಣುವುದಿಲ್ಲ. ತೆಗೆದ ಕ್ಷಣ ಕಾಣುತ್ತದೆ. ಆಗ ಗ್ರಾಹಕರು ಬೊಟ್ಟು ತೋರಿಸುವುದು ಎದುರಿಗೆ ಕೂತವಳ ಕಡೆಗೇ. ಸಣ್ಣ ಊರಿನಲ್ಲಿ ಒಬ್ಬರ ಉಗುರು ಕೆಟ್ಟಿತೆಂಬ ಮಾತು ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ.

ಮೂರನೆಯದು ಸಲಕರಣೆ. ನಮ್ಮ ಕಡೆಯ ಅನೇಕ ಪಾರ್ಲರ್‌ಗಳ ಮುಖ್ಯ ಕೆಲಸ ಐಬ್ರೋ, ಫೇಶಿಯಲ್, ಮೆಹೆಂದಿ, ಮದುಮಗಳ ಮೇಕಪ್ಪು. ಉಗುರಿನ ಡ್ರಿಲ್, ಧೂಳು ಎಳೆಯುವ ಫ್ಯಾನು, ಬೇರೆ ಬೇರೆ ದರ್ಜೆಯ ಅರಗಳು ಎಲ್ಲರ ಬಳಿ ಇರುವುದಿಲ್ಲ. ತಿಳಿಯದ ಕೆಲಸಕ್ಕೆ ಇಲ್ಲ ಅನ್ನುವ ಪಾರ್ಲರ್ ನಿಮಗೆ ಉಪಕಾರವನ್ನೇ ಮಾಡುತ್ತಿದೆ. “ಹೌದು ಬಿಡ್ರಿ, ಎಲ್ಲಾ ತೆಗಿತೀವಿ” ಎಂದು ಏನೂ ಕೇಳದೆ ಕೂರಿಸಿಕೊಳ್ಳುವವರ ಬಗ್ಗೆಯೇ ನನಗೆ ಹೆಚ್ಚು ಅನುಮಾನ.

ಪಕ್ಕದ ಪಾರ್ಲರಿನ ಮೇಲಿನ ಹೊಟ್ಟೆಕಿಚ್ಚಿನಿಂದ ನಿರಾಕರಿಸುವವರೂ ಇದ್ದಾರೆ, ಸುಳ್ಳೇಕೆ. ಅಂಥವರ ಜೊತೆ ವಾದಕ್ಕಿಳಿದು ಫಲವಿಲ್ಲ. ಬೇರೆಯವರು ಹಾಕಿದ್ದನ್ನು ತೆಗೆಯಲೇಬೇಕು ಎಂದು ಪಾರ್ಲರನ್ನು ಕಟ್ಟಿಹಾಕುವ ಕಾನೂನು ಇಲ್ಲ. ಅದು ಅವರವರ ಅಂಗಡಿಯ ನಿಯಮ.

ಮೇಲೆ ಕೂತಿರುವ ಸರಕು ಯಾವುದು?

ಅಕ್ರಿಲಿಕ್ ಉಗುರಿನ ಮೂಲ ದಂತವೈದ್ಯರ ಕೋಣೆ. 1954ರಲ್ಲಿ ಅಮೆರಿಕದ ದಂತವೈದ್ಯ ಫ್ರೆಡ್ ಸ್ಲ್ಯಾಕ್ ತಮ್ಮ ಮುರಿದ ಉಗುರಿಗೆ ಹಲ್ಲಿನ ಕೆಲಸದ ಅಕ್ರಿಲಿಕ್ ಹಚ್ಚಿಕೊಂಡದ್ದೇ ಆರಂಭ ಎಂದು ಈ ಕಸುಬಿನವರು ಹೇಳುತ್ತಾರೆ. ಜೆಲ್ ಪಾಲಿಶ್ ಮನೆಮಾತಾದದ್ದು ತೀರ ಈಚೆಗೆ, 2010ರಲ್ಲಿ ‘ಶೆಲ್ಯಾಕ್’ ಎಂಬ ಬ್ರ್ಯಾಂಡ್ ಮಾರುಕಟ್ಟೆಗೆ ಬಂದ ಮೇಲೆ.

ಸಾಮಾನ್ಯ ನೇಲ್ ಪಾಲಿಶ್ ಗಾಳಿಗೆ ಒಣಗುತ್ತದೆ, ರಿಮೂವರ್ ತಾಗಿದರೆ ಕರಗುತ್ತದೆ. ಜೆಲ್ ಒಣಗುವುದಲ್ಲ. ದೀಪದ ನೇರಳಾತೀತ ಬೆಳಕು ಬಿದ್ದಾಗ ಅದರೊಳಗಿನ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಆ ಕೊಂಡಿ ಎಷ್ಟು ಬಿಗಿ ಎಂಬುದರ ಮೇಲೆ ತೆಗೆಯುವ ವಿಧಾನ ನಿಂತಿದೆ. ರಬಕವಿ–ಬನಹಟ್ಟಿಯ ಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸಡಿಲ ನೇಯ್ಗೆಯ ಬಟ್ಟೆಯೊಳಗೆ ನೀರು ತಟ್ಟನೆ ಇಳಿಯುತ್ತದೆ, ಬಿಗಿ ನೇಯ್ಗೆಯ ಮೇಲೆ ಹನಿಯಾಗಿ ನಿಲ್ಲುತ್ತದೆ. ಉಗುರು ನೆನೆಸಲು ಬಳಸುವ ಅಸಿಟೋನ್ ದ್ರವವೂ ಹಾಗೆಯೇ.

ಜೆಲ್ ಪಾಲಿಶ್‌ನಲ್ಲಿ ಕೊಂಡಿಗಳು ಸಡಿಲ. ಅಸಿಟೋನ್ ಒಳಗೆ ಇಳಿದು ಅದನ್ನು ಉಬ್ಬಿಸುತ್ತದೆ, 10–15 ನಿಮಿಷದಲ್ಲಿ ಸುಕ್ಕುಗಟ್ಟಿ ಮೇಲೇಳುತ್ತದೆ. ಅದು ಕರಗುವುದಲ್ಲ, ಉಬ್ಬಿ ಬಿಡುವುದು. ಆದ್ದರಿಂದಲೇ ಸುಮ್ಮನೆ ಒರೆಸಿದರೆ ಬರುವುದಿಲ್ಲ, ನೆನೆಸಬೇಕು. ಸಾಫ್ಟ್ ಜೆಲ್ ಟಿಪ್‌ಗಳೂ ನೆನೆಸಿದರೆ ಬಿಡುವಂಥವೇ, ದಪ್ಪ ಇರುವುದರಿಂದ ಹೊತ್ತು ಹೆಚ್ಚು.

ಅಕ್ರಿಲಿಕ್ ಎಂದರೆ ಪುಡಿ ಮತ್ತು ದ್ರವ ಕಲಸಿ ಕಟ್ಟಿದ್ದು. ಅಸಿಟೋನ್‌ಗೆ ಇದು ಮೆತ್ತಗಾಗಿ ಅಂಟಂಟಾಗುತ್ತದೆ. 30–40 ನಿಮಿಷ ಬೇಕು. ಡಿಪ್ ಪೌಡರ್ ಎಂಬುದು ಸೂಪರ್ ಗ್ಲೂ ಜಾತಿಯ ಅಂಟಿನಲ್ಲಿ ಪುಡಿ ಅದ್ದಿ ಮಾಡುವಂಥದು. ಅದೂ ಅಸಿಟೋನ್‌ಗೆ ಬಿಡುತ್ತದೆ.

ಹಾರ್ಡ್ ಜೆಲ್‌ನ ಕಥೆ ಬೇರೆ. ಕೊಂಡಿಗಳು ಎಷ್ಟು ದಟ್ಟವೆಂದರೆ ಅಸಿಟೋನ್ ಒಳಗೆ ಇಳಿಯುವುದೇ ಇಲ್ಲ. ಇಡೀ ದಿನ ನೆನೆಸಿದರೂ ಒಣಗುವುದು ನಿಮ್ಮ ಚರ್ಮ ಮಾತ್ರ. ಅರದಿಂದಲೋ ಡ್ರಿಲ್ಲಿನಿಂದಲೋ ಸವೆಸಿಯೇ ತೆಗೆಯಬೇಕು. ‘ಬಿಲ್ಡರ್ ಜೆಲ್’ ಎಂಬ ಹೆಸರಿನಲ್ಲಿ ಎರಡೂ ಜಾತಿಯವು ಮಾರಾಟವಾಗುತ್ತವೆ. ಗೊಂದಲ ಹುಟ್ಟುವುದೇ ಅಲ್ಲಿ.

ಇನ್ನೊಂದು ಇದೆ, ಅದರ ಬಗ್ಗೆ ಎಚ್ಚರ ಬೇಕು. ಅಕ್ರಿಲಿಕ್ ದ್ರವದಲ್ಲಿ ಈಗ ಬಳಸಬೇಕಾದದ್ದು ಈಥೈಲ್ ಮೆಥಾಕ್ರಿಲೇಟ್. ಅದರ ಬದಲು ಅಗ್ಗದ ಮೀಥೈಲ್ ಮೆಥಾಕ್ರಿಲೇಟ್ ಬಳಸುವವರಿದ್ದಾರೆ. ಉಗುರಿಗೆ ಇದು ತಂದ ಗಾಯಗಳ ದೂರು ಬಂದು 1970ರ ದಶಕದ ಆರಂಭದಲ್ಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಲ್ಲಿ ಕ್ರಮ ಕೈಗೊಂಡಿತು. ಇದು ವಿಪರೀತ ಗಟ್ಟಿ, ಮೂಗಿಗೆ ಹೊಡೆಯುವ ವಾಸನೆ, ಅಸಿಟೋನ್‌ಗೆ ಸುಲಭಕ್ಕೆ ಜಗ್ಗುವುದಿಲ್ಲ. ಬಾಗಿಲಿಗೆ ಬಡಿದಾಗ ನಕಲಿ ಉಗುರು ಮುರಿಯುವ ಬದಲು ಅಸಲಿ ಉಗುರನ್ನೇ ಬುಡದಿಂದ ಎಳೆದುಕೊಂಡು ಬರುತ್ತದೆ.

ಹಾಕಿಸುವ ದಿನವೇ ಕೇಳಬೇಕಾದ್ದು

ತೆಗೆಸುವ ತಾಪತ್ರಯದ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ. ಡಿಸೈನ್ ಆರಿಸಲು ಅರ್ಧ ತಾಸು ಮೊಬೈಲ್ ತಿರುವುವ ನಾವು, ಹಚ್ಚುತ್ತಿರುವ ಬಾಟಲಿಯನ್ನು ತಿರುಗಿಸಿ ನೋಡುವುದಿಲ್ಲ. ದೊಡ್ಡ ಊರಿನಲ್ಲಿ ಹಾಕಿಸಿ ಇಲ್ಲಿಗೆ ಬರುವವರಂತೂ ಇಷ್ಟನ್ನು ಮಾಡಿಕೊಂಡೇ ಬರಬೇಕು:

1. ಬಾಟಲಿ, ಡಬ್ಬಿಗಳ ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ಬೇಸ್, ಬಿಲ್ಡರ್, ಬಣ್ಣ, ಟಾಪ್ ಕೋಟ್, ಎಲ್ಲದರದೂ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಲೇಬಲ್ಲಿನ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಎಲ್ಲಿಯ ತನಕ ಬಳಸಬಹುದೆಂಬ ದಿನಾಂಕ ಇರಬೇಕು. ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆಯೂ ಬೇಕು. ಲೇಬಲ್ಲೇ ಇಲ್ಲದ ಡಬ್ಬಿಯಿಂದ ಹಚ್ಚುತ್ತಿದ್ದರೆ ಕುರ್ಚಿಯಿಂದ ಏಳಲು ಸಂಕೋಚ ಬೇಡ.

2. “ಇದು ನೆನೆಸಿದರೆ ಬಿಡುತ್ತದೋ, ಉಜ್ಜಿ ತೆಗೆಯಬೇಕೋ?” ಎಂದು ಕೇಳಿ. ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಜಮಖಂಡಿಯ ಪಾರ್ಲರಿನವರ ಅರ್ಧ ಅನುಮಾನ ಹೋಗುತ್ತದೆ.

3. ಕೆಳಗೆ ಟಿಪ್ ಅಂಟಿಸಿದ್ದಾರೋ, ಫಾರ್ಮ್ (ಅಚ್ಚಿನ ಕಾಗದ) ಇಟ್ಟು ಕಟ್ಟಿದ್ದಾರೋ ತಿಳಿದುಕೊಳ್ಳಿ.

4. ತೆಗೆಯುವ ದರ ಎಷ್ಟು, ಹಾಕಿದ ದರದಲ್ಲೇ ಸೇರಿದೆಯೋ ಎಂದು ವಿಚಾರಿಸಿ, ಬಿಲ್ ಪಡೆಯಿರಿ. ಕೆಲವು ಕಡೆ ಹೊಸ ಸೆಟ್ ಹಾಕಿಸಿದರಷ್ಟೇ ಹಳೆಯದನ್ನು ಪುಕ್ಕಟೆ ತೆಗೆಯುತ್ತಾರೆ, ಬರಿಗೈ ಮಾಡಿಸಿಕೊಳ್ಳಲು ಬೇರೆ ದರ.

ಮದುವೆಗೆಂದು ಹಾಕಿಸುವವರು ಮದುವೆಯ ದಿನಾಂಕವಷ್ಟೇ ನೋಡುತ್ತಾರೆ. ತೆಗೆಸುವ ದಿನ ನೀವು ಯಾವ ಊರಿನಲ್ಲಿ ಇರುತ್ತೀರಿ ಎಂಬುದನ್ನೂ ಲೆಕ್ಕ ಹಾಕಿ. ಬೆಳಗಾವಿಯಲ್ಲಿ ಹಾಕಿಸಿ, ಮದುವೆಯಾಗಿ ಬೀಳಗಿಯ ಕಡೆಯ ಹಳ್ಳಿಗೆ ಹೋಗುವವರು ನೆನೆಸಿದರೆ ಬಿಡುವ ಜೆಲ್ ಪಾಲಿಶ್‌ನಲ್ಲೇ ತೃಪ್ತಿಪಡುವುದು ಲೇಸು.

ಬೇರೆ ಪಾರ್ಲರಿಗೆ ಹೋಗುವ ಮುನ್ನ

ಮೊದಲು ಫೋನ್ ಮಾಡಿ. ಸುಮ್ಮನೆ “ನೇಲ್ಸ್ ತೆಗಿತೀರೇನ್ರಿ?” ಎಂದರೆ “ಇಲ್ಲರೀ” ಎಂಬ ಉತ್ತರವೇ ಬರುವುದು. ಹೀಗೆ ಕೇಳಿ ನೋಡಿ: “ಅಕ್ಕಾರ, ನಾ ಪುಣೆದಾಗ ಜೆಲ್ ಹಾಕಿಸ್ಕೊಂಡೀನ್ರಿ, ಮೂರು ವಾರ ಆತು. ನೆನಸಿದ್ರ ಬಿಡೂವಂಥಾದ್ದಂತ. ಬಾಟ್ಲಿ ಫೋಟೋ ಐತ್ರಿ, ಉಗುರಿನ ಫೋಟೋನೂ ಕಳಸ್ತೀನಿ. ತೆಗ್ಯಾಕ ಎಷ್ಟ್ ಹೊತ್ತು, ಎಷ್ಟ್ ತಗೋತೀರಿ?” ಕೇಳುವವರಿಗೆ ಕೆಲಸದ ಅಳತೆ ಸಿಗುತ್ತದೆ, ಒಪ್ಪುವ ಸಾಧ್ಯತೆ ಹೆಚ್ಚುತ್ತದೆ. ಎದ್ದ ಉಗುರು, ನೋವು, ಹಸಿರು ಕಲೆ ಇದ್ದರೆ ಫೋನಿನಲ್ಲೇ ಹೇಳಿ. ಮುಚ್ಚಿಟ್ಟು ಹೋದರೆ ಅಲ್ಲಿಂದ ವಾಪಸ್ ಬರಬೇಕಾಗುತ್ತದೆ.

ದರ ಹೆಚ್ಚು ಹೇಳಿದರೆ ಮೋಸವೆಂದು ತೀರ್ಮಾನಿಸಬೇಡಿ. ತಾವೇ ಹಾಕಿದ್ದನ್ನು ತೆಗೆಯುವಾಗ ಅವರಿಗೆ ಒಳಗಿನದೆಲ್ಲ ಗೊತ್ತು. ಬೇರೆಯವರದ್ದಾದರೆ ಪರೀಕ್ಷೆ ಮಾಡಿ, ನಿಧಾನವಾಗಿ ಹೋಗಬೇಕು. ಹೆಚ್ಚು ಹೊತ್ತಿಗೆ ಹೆಚ್ಚು ದುಡ್ಡು ಕೇಳುವುದು ನ್ಯಾಯವೇ. ಆದರೆ ಕೆಲಸ ಶುರುವಾಗುವ ಮೊದಲೇ ಆ ದರ ಬಾಯಿಂದ ಬರಬೇಕು. ಐದು ಬೆರಳು ಮುಗಿದ ಮೇಲೆ “ಇದು ಹಾರ್ಡ್ ಜೆಲ್ ಐತ್ರಿ, ಡಬಲ್ ಆಗ್ತದ” ಎನ್ನುವುದು ಸರಿಯಲ್ಲ.

ಬುಡದಲ್ಲಿ ಉಗುರು ಬೆಳೆದು ಖಾಲಿಯಾದ ಜಾಗಕ್ಕಷ್ಟೇ ಹೊಸ ಜೆಲ್ ತುಂಬಿಸುವುದಕ್ಕೆ ರೀಫಿಲ್ ಎನ್ನುತ್ತಾರೆ. ಬೇರೆಯವರ ಸೆಟ್ಟಿನ ಮೇಲೆ ರೀಫಿಲ್ ಮಾಡಲು ಒಳ್ಳೆಯ ಕೆಲಸಗಾರರು ಒಪ್ಪುವುದು ಅಪರೂಪ. ಒಂದು ಕಂಪನಿಯ ಸರಕಿನ ಮೇಲೆ ಇನ್ನೊಂದು ಸರಿಯಾಗಿ ಕೂರದೆ ಸಣ್ಣ ಸಂದಿ ಉಳಿದರೆ ಅದರೊಳಗೆ ನೀರು ಸೇರುತ್ತದೆ. ದಿನಕ್ಕೆ ಹತ್ತು ಸಲ ಪಾತ್ರೆ, ಬಟ್ಟೆ ಎಂದು ನೀರಿನಲ್ಲಿ ಕೈ ಅದ್ದುವವರಿಗೆ ಇದು ಸೋಂಕಿನ ದಾರಿ. ಪೂರ್ತಿ ತೆಗೆದು ಹೊಸದಾಗಿ ಹಾಕೋಣ ಎಂದು ಅವರು ಹೇಳಿದರೆ ದುಡ್ಡು ಕೀಳುವ ಉಪಾಯವೆಂದು ತಿಳಿಯಬೇಡಿ.

ಕುರ್ಚಿಯಲ್ಲಿ ಕೂತ ಮೇಲೆ ಗಮನಿಸಬೇಕಾದ್ದು ಇಷ್ಟು. ಬಲ್ಲವರು ಮೊದಲು ಒಂದೇ ಬೆರಳಿನಲ್ಲಿ ಪರೀಕ್ಷೆ ಮಾಡುತ್ತಾರೆ: ಹೊಳಪನ್ನು ಸ್ವಲ್ಪ ಉಜ್ಜಿ, ಅಸಿಟೋನ್ ತಾಗಿಸಿ ಕೆಲವು ನಿಮಿಷ ಕಾಯುತ್ತಾರೆ. ಅಂಟಂಟಾದರೆ ಅಕ್ರಿಲಿಕ್, ಸುಕ್ಕುಗಟ್ಟಿದರೆ ನೆನೆಯುವ ಜೆಲ್, ಏನೂ ಆಗದಿದ್ದರೆ ಹಾರ್ಡ್ ಜೆಲ್ ಅಥವಾ ಮೀಥೈಲ್ ಮೆಥಾಕ್ರಿಲೇಟ್. ಡ್ರಿಲ್ ಬಳಸುವಾಗ ಬಿಸಿ ಅನಿಸಿದರೆ ತಕ್ಷಣ ಕೈ ಎಳೆದುಕೊಳ್ಳಿ. ಸ್ವಲ್ಪ ಉರಿ ಸಹಿಸಬೇಕು ಎಂಬುದು ಸುಳ್ಳು. ಒಂದೇ ಜಾಗದಲ್ಲಿ ಡ್ರಿಲ್ ನಿಂತರೆ ಉಗುರಿನ ಮೇಲೆ ಅರ್ಧಚಂದ್ರದ ಕೆಂಪು ಗೀರು ಮೂಡುತ್ತದೆ, ಅದು ಬೆಳೆದು ತುದಿಗೆ ಬರುವ ತನಕ ಹೋಗುವುದಿಲ್ಲ. ಹಾರ್ಡ್ ಜೆಲ್ ಉಜ್ಜುವಾಗ ಕೊನೆಯ ತೆಳು ಪದರವನ್ನು ಬೇಕೆಂದೇ ಉಳಿಸುತ್ತಾರೆ. “ಪೂರ್ತಿ ತೆಗೀರಿ, ದುಡ್ಡು ಕೊಟ್ಟೀನಿ” ಎಂದು ಹಟ ಹಿಡಿಯಬೇಡಿ. ಆ ಪದರವೇ ನಿಮ್ಮ ಉಗುರಿನ ರಕ್ಷಣೆ.

ಅಸಿಟೋನ್ ಹಚ್ಚದೆ, ಅರವನ್ನೂ ಮುಟ್ಟದೆ, ಟಿಪ್ಪಿನ ಕೆಳಗೆ ಇನ್ನೊಂದು ಪ್ಲಾಸ್ಟಿಕ್ ತೂರಿಸಿ ಎಬ್ಬಿಸಲು ಬಂದರೆ ಕೆಲಸ ನಿಲ್ಲಿಸಿ ಎದ್ದು ಬನ್ನಿ.

ಮನೆಯಲ್ಲೇ ತೆಗೆಯುವುದಾದರೆ

ಜೆಲ್ ಪಾಲಿಶ್, ಸಾಫ್ಟ್ ಜೆಲ್ ಟಿಪ್, ಅಕ್ರಿಲಿಕ್, ಡಿಪ್ ಪೌಡರ್, ಇಷ್ಟಕ್ಕೆ ಮಾತ್ರ ಈ ವಿಧಾನ. ಕೊಳ್ಳುವಾಗ ಲೇಬಲ್ ನೋಡಿ: ‘ಅಸಿಟೋನ್ ಫ್ರೀ’ ಎಂದಿರುವ ರಿಮೂವರ್ ಸಾಮಾನ್ಯ ನೇಲ್ ಪಾಲಿಶ್‌ಗಷ್ಟೇ ಸಾಕು, ಇದಕ್ಕೆ ಸಾಲದು. ಶುದ್ಧ ಅಸಿಟೋನ್ ಬೇಕು. ಹತ್ತಿ, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್, 180 ದರ್ಜೆಯ ನೇಲ್ ಫೈಲ್ (100ರದು ತೀರ ಒರಟು), ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್, ಒಂದು ಕಟ್ಟಿಗೆಯ ಕಡ್ಡಿ ಇಟ್ಟುಕೊಳ್ಳಿ.

1. ಕಿಟಕಿ ಬಾಗಿಲು ತೆರೆದ ಕೋಣೆಯಲ್ಲಿ ಕೂಡಿ. ಅಡುಗೆಮನೆ, ದೇವರಮನೆ ಬೇಡ. ಬಳೆ, ಉಂಗುರ ತೆಗೆದಿಡಿ. ಪ್ಲಾಸ್ಟಿಕ್ ಬಳೆಗೆ ಅಸಿಟೋನ್ ಹನಿ ಬಿದ್ದರೆ ಮಂಕಾಗುತ್ತದೆ, ಕರಗಲೂಬಹುದು. ಮೇಜಿನ ಪಾಲಿಶ್ ಕೂಡ ಹೋಗುತ್ತದೆ.

2. ಉದ್ದನೆಯ ಭಾಗವನ್ನು ನೇಲ್ ಕಟರ್‌ನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಒಮ್ಮೆಲೇ ಒತ್ತಿದರೆ ಸೀಳು ಒಳಗಿನ ಉಗುರಿಗೂ ಹೋಗಬಹುದು.

3. ಮೇಲಿನ ಹೊಳಪು ಹೋಗುವಷ್ಟು ಹಗುರಾಗಿ ಉಜ್ಜಿ. ಟಾಪ್ ಕೋಟ್ ಅಸಿಟೋನನ್ನು ತಡೆಯುತ್ತದೆ; ಅದನ್ನು ಒಡೆಯದೆ ನೆನೆಸುವುದು ವ್ಯರ್ಥ. ಬಣ್ಣದ ಧೂಳು ಬರುವ ತನಕ ಸಾಕು, ಅದಕ್ಕಿಂತ ಆಳಕ್ಕೆ ಹೋಗಬೇಡಿ.

4. ಉಗುರಿನ ಸುತ್ತಲ ಚರ್ಮಕ್ಕೆ ಎಣ್ಣೆ ಅಥವಾ ವ್ಯಾಸಲೀನ್ ದಪ್ಪಗೆ ಸವರಿ. ಉಗುರಿನ ಮೇಲೆ ತಾಗಬಾರದು.

5. ಉಗುರಿನಷ್ಟೇ ಹತ್ತಿ ತುಣುಕನ್ನು ಅಸಿಟೋನ್‌ನಲ್ಲಿ ನೆನೆಸಿ ಮೇಲಿಟ್ಟು ಫಾಯಿಲ್ ಸುತ್ತಿ. ಅಸಿಟೋನ್ ಬೇಗ ಆರಿಹೋಗುತ್ತದೆ, ಫಾಯಿಲ್ ಅದನ್ನು ತಡೆಹಿಡಿಯುತ್ತದೆ. ಒಂದು ಸಲಕ್ಕೆ ಒಂದೇ ಕೈ ಮಾಡಿ, ಇನ್ನೊಂದು ಕೈ ಬಿಡುವಿರಲಿ.

6. ಜೆಲ್ ಪಾಲಿಶ್‌ಗೆ 15 ನಿಮಿಷ, ಅಕ್ರಿಲಿಕ್‌ಗೆ 30 ನಿಮಿಷ ಕಾದು ಒಂದೇ ಬೆರಳನ್ನು ಬಿಚ್ಚಿ ನೋಡಿ. ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಜಾರಬೇಕು. ಜಾರದಿದ್ದರೆ ಹತ್ತಿ ಮತ್ತೆ ನೆನೆಸಿ ಐದು ನಿಮಿಷ ಸುತ್ತಿ. ಬಲ ಹಾಕುವ ಪ್ರಶ್ನೆಯೇ ಇಲ್ಲ.

7. ಎಲ್ಲ ಬಿಟ್ಟ ಮೇಲೆ ಸೋಪಿನಿಂದ ಕೈ ತೊಳೆದು, ಒರೆಸಿ, ಉಗುರಿಗೂ ಸುತ್ತಲ ಚರ್ಮಕ್ಕೂ ಎಣ್ಣೆ ತಿಕ್ಕಿ.

ಎರಡು ಸುತ್ತು ನೆನೆಸಿದ ಮೇಲೂ ಅಲ್ಲಾಡದಿದ್ದರೆ ಅದು ಹಾರ್ಡ್ ಜೆಲ್ ಅಥವಾ ಅಗ್ಗದ ಮೀಥೈಲ್ ಮೆಥಾಕ್ರಿಲೇಟ್ ದ್ರವದಿಂದ ಕಟ್ಟಿದ್ದು. ಅಲ್ಲಿಗೆ ನಿಲ್ಲಿಸಿ. ಪರಿಣತರು ಸಿಗದಿದ್ದರೆ ಇನ್ನೊಂದು ದಾರಿ ಇದೆ, ಚೆಂದ ಕಾಣದು ಅಷ್ಟೇ: ಗಿಡ್ಡಗೆ ಕತ್ತರಿಸಿ, ಅಂಚು ನಯ ಮಾಡಿ, ಬೆಳೆಯಲು ಬಿಡುವುದು. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಆರು ತಿಂಗಳೊಳಗೆ ಹಳೆಯದೆಲ್ಲ ತುದಿಗೆ ಬಂದು ಹೋಗುತ್ತದೆ. ಕಾಲಿನದಾದರೆ ಒಂದು ವರ್ಷ, ಒಂದೂವರೆ ವರ್ಷ.

ಅಂಟಿಸುವ ರೆಡಿಮೇಡ್ ಉಗುರುಗಳಿಗೆ ಇಷ್ಟೆಲ್ಲ ಬೇಡ. ಬೆಚ್ಚನೆಯ ಸೋಪು ನೀರಿಗೆ ನಾಲ್ಕು ಹನಿ ಎಣ್ಣೆ ಹಾಕಿ 15–20 ನಿಮಿಷ ಕೈ ಅದ್ದಿ ಕೂತರೆ ಅಂಚಿನಿಂದ ಬಿಡಲು ಶುರುವಾಗುತ್ತವೆ.

ಎಚ್ಚರಿಕೆ: ಬೆಂಕಿ

ಅಸಿಟೋನ್ ಪೆಟ್ರೋಲಿನಂತೆಯೇ ಹೊತ್ತಿಕೊಳ್ಳುವ ವಸ್ತು. ಅದರ ಆವಿ ಗಾಳಿಗಿಂತ ಭಾರ; ಮೇಲೆ ಹೋಗದೆ ನೆಲದ ಮೇಲೆ ಹರಡುತ್ತದೆ. ನೆಲದ ಮೇಲೆ ಕೂತು ಉಗುರು ನೆನೆಸುವವರ ಪಕ್ಕದಲ್ಲಿ ಒಲೆ, ದೇವರ ದೀಪ, ಊದಿನಕಡ್ಡಿ, ಸೊಳ್ಳೆ ಬತ್ತಿ ಯಾವುದೂ ಉರಿಯುತ್ತಿರಬಾರದು. ಬೇಗ ಬಿಡಲೆಂದು ಅಸಿಟೋನನ್ನು ಒಲೆಯ ಮೇಲೆ ಬಿಸಿ ಮಾಡುವುದಂತೂ ಪ್ರಾಣಕ್ಕೇ ಸಂಚಕಾರ. ಮಕ್ಕಳ ಕೈಗೆ ಬಾಟಲಿ ಸಿಗದಿರಲಿ.

ಬೆಂಕಿಯ ಮಾತಿನ ಜೊತೆಗೇ ಇನ್ನೊಂದು. ಉಗುರು ಅಂಟಿಸುವ ಸೂಪರ್ ಗ್ಲೂ ಚೆಲ್ಲಿದರೆ ಹತ್ತಿಯಿಂದಲೋ ನೂಲಿನ ಬಟ್ಟೆಯಿಂದಲೋ ಒರೆಸಬೇಡಿ. ಆ ಅಂಟು ಹತ್ತಿಗೆ ತಾಗಿದರೆ ಒಮ್ಮೆಲೇ ಕಾಯುತ್ತದೆ, ಚರ್ಮ ಸುಡುವಷ್ಟು. ಇದು ಪಾರ್ಲರಿನಲ್ಲಿ ಕೆಲಸ ಮಾಡುವ ಹುಡುಗಿಯರಿಗೂ ತಿಳಿದಿರಬೇಕಾದ ಸಂಗತಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸಿಪ್ಪೆಯಂತೆ ಸುಲಿಯುವುದು ಎಲ್ಲಕ್ಕಿಂತ ದೊಡ್ಡದು. ಅಂಚು ಎದ್ದಿದೆ, ಕೈ ಸುಮ್ಮನಿರುವುದಿಲ್ಲ, ಬಸ್ಸಿನಲ್ಲಿ ಕೂತು ಒಂದೊಂದೇ ಕೀಳುತ್ತ ಬರುವವರಿದ್ದಾರೆ. ಉಗುರು ಪದರ ಪದರವಾಗಿ ಕಟ್ಟಿದ ವಸ್ತು. ಜೆಲ್ ಹಿಡಿದಿರುವುದು ಮೇಲಿನ ಪದರವನ್ನು. ಸುಲಿದ ಜಾಗದಲ್ಲಿ ಕಾಣುವ ಬಿಳಿ ಮಚ್ಚೆಗಳು ಆ ಪದರ ಕಿತ್ತುಹೋದ ಗುರುತು.

ಪೇಂಟ್ ಅಂಗಡಿಯ ಥಿನ್ನರ್, ಬೈಕಿನ ಪೆಟ್ರೋಲ್ ಹಚ್ಚಿ ನೋಡುವವರೂ ಉಂಟು. ಥಿನ್ನರ್‌ನಲ್ಲಿ ಟಾಲ್ಯೂಯಿನ್‌ನಂಥ ರಾಸಾಯನಿಕಗಳು ಇರುತ್ತವೆ. ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು, ಜೆಲ್ ಬಿಡುವ ಖಾತ್ರಿಯೂ ಇಲ್ಲ.

ತೆಗೆದ ಉಗುರು ತೆಳ್ಳಗೆ ಕಂಡಿತೆಂದು ಅದನ್ನು ಮುಚ್ಚಲು ಅದೇ ದಿನ ಮತ್ತೊಂದು ಸೆಟ್ ಹಾಕಿಸುವುದು ಇನ್ನೊಂದು. ಜೆಲ್ ಹಾಕಿಸಿದ್ದರಿಂದ ಉಗುರಿಗೆ ‘ಉಸಿರು ಕಟ್ಟಿದೆ’ ಎಂಬ ಮಾತಿನಲ್ಲಿ ಹುರುಳಿಲ್ಲ, ಉಗುರಿಗೆ ಬೇಕಾದ್ದೆಲ್ಲ ಕೆಳಗಿನ ರಕ್ತದಿಂದ ಬರುತ್ತದೆ. ಆದರೆ ಸವೆದ ಉಗುರನ್ನು ಮತ್ತೆ ಉಜ್ಜಿ ಮತ್ತೆ ಹಾಕಿದರೆ ಅದು ಇನ್ನಷ್ಟು ತೆಳ್ಳಗಾಗುತ್ತದೆ ಎಂಬುದು ನಿಜ. ನೋವು, ಉರಿ ಇದ್ದರೆ ಪೂರ್ತಿ ಹೋಗುವ ತನಕ ಬೇಡವೇ ಬೇಡ. ಮೆಹೆಂದಿ ಹಚ್ಚುವುದಾದರೂ ನೆನಪಿಡಿ: ಉಜ್ಜಿದ ಉಗುರು ಬಣ್ಣವನ್ನು ಗಾಢವಾಗಿ ಹೀರುತ್ತದೆ, ಅದು ಬೆಳೆದೇ ಹೋಗಬೇಕು.

ಮನೆಬಳಕೆಯ ದೀಪ ತಂದು ತಾವೇ ಜೆಲ್ ಹಚ್ಚಿಕೊಳ್ಳುವವರಿಗೆ ಒಂದು ಮಾತು. ಸರಿಯಾಗಿ ಗಟ್ಟಿಯಾಗದ ಜೆಲ್ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಬಹುದು, ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಅದೇ ಜಾತಿಯ ವಸ್ತುಗಳನ್ನು ಹಲ್ಲಿನ ಸಿಮೆಂಟಿನಲ್ಲೂ ಬಳಸುವುದರಿಂದ ಮುಂದೆ ದಂತವೈದ್ಯರ ಬಳಿ ತೊಂದರೆಯಾದೀತು. ಜೆಲ್ ತೆಗೆದ ಧೂಳು ತಾಗಿ ತುರಿಕೆ, ಗುಳ್ಳೆ ಎದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಪಾರ್ಲರ್ ಬಿಟ್ಟು ಡಾಕ್ಟರ ಬಳಿ

ಉಗುರು ಹಸಿರು ಅಥವಾ ಕಪ್ಪು ಕಂಡರೆ, ಬುಡದಲ್ಲಿ ಕೀವು, ಬಾವು, ಮಿಡಿಯುವ ನೋವು ಇದ್ದರೆ, ಉಗುರು ಚರ್ಮದಿಂದ ಬಿಟ್ಟುಕೊಂಡು ಕೆಳಗೆ ಖಾಲಿಯಾಗಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ. ಹಸಿರು ಬಣ್ಣ ಸಾಮಾನ್ಯವಾಗಿ ತೇವದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ಕೆಲಸ. ಮೇಲೆ ಬಣ್ಣ ಹಚ್ಚಿ ಮುಚ್ಚಿದರೆ ವಾಸಿಯಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಕಾಲಿನ ಉಗುರಿಗೆ ಡ್ರಿಲ್ ತಾಗಿಸುವ ಮೊದಲೇ ವೈದ್ಯರನ್ನು ಕೇಳಿ.

ಹೆರಿಗೆ, ಆಪರೇಷನ್ ಗೊತ್ತಾಗಿದ್ದರೆ ವಾರ ಮೊದಲೇ ಕನಿಷ್ಠ ಒಂದೆರಡು ಬೆರಳಾದರೂ ಖಾಲಿ ಮಾಡಿಸಿ. ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಬೆರಳಿಗೆ ಹಾಕುತ್ತಾರೆ, ಅದರ ಬೆಳಕು ಉಗುರಿನ ಮೂಲಕ ಹಾಯಬೇಕು. ಗಾಢ ಬಣ್ಣ, ದಪ್ಪ ಜೆಲ್ ಇದ್ದರೆ ಅಳತೆ ತಪ್ಪಬಹುದು. ತುಂಬು ಗರ್ಭಿಣಿಯನ್ನು ಮಿರಜದ ಆಸ್ಪತ್ರೆಗೆ ಕರೆದೊಯ್ಯುವ ಗಡಿಬಿಡಿಯಲ್ಲಿ ಪಾರ್ಲರ್ ಹುಡುಕಲು ಆಗುವುದಿಲ್ಲ. ನರ್ಸಿಂಗ್ ಓದುವ ಹುಡುಗಿಯರೂ ಗಮನಿಸಿ: ರೋಗಿಗಳನ್ನು ನೇರವಾಗಿ ಮುಟ್ಟುವವರಿಗೆ ಕೃತಕ ಉಗುರು ಸಲ್ಲದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2009ರ ಕೈ ಶುಚಿತ್ವ ಮಾರ್ಗಸೂಚಿಯಲ್ಲೇ ಹೇಳಿದ ಮಾತು.

ತೆಗೆಯುವಾಗಲೇ ಕೆಡಿಸಿದರೆ?

ಪಾರ್ಲರಿಗೆ ಇಲ್ಲ ಅನ್ನುವ ಹಕ್ಕಿದೆ. ಹೂಂ ಎಂದು ದುಡ್ಡು ತೆಗೆದುಕೊಂಡ ಮೇಲೆ ಜಾಗ್ರತೆಯಿಂದ ಮಾಡುವ ಹೊಣೆಯೂ ಇದೆ. ಹೋಗುವ ಮುನ್ನ ಉಗುರುಗಳ ಫೋಟೋ, ಮುಗಿದ ಮೇಲೆ ಇನ್ನೊಂದು ಫೋಟೋ, ಬಿಲ್, ಗಾಯವಾಗಿದ್ದರೆ ವೈದ್ಯರ ಚೀಟಿ ಇಟ್ಟುಕೊಳ್ಳಿ. ಮೊದಲು ಅವರೊಂದಿಗೇ ಮಾತನಾಡಿ; ದರ ವಾಪಸ್ ಕೊಟ್ಟು ಮುಗಿಸುವುದು ಇಬ್ಬರಿಗೂ ಹಗುರ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲೂ ದಾರಿಯಿದೆ. ಕೊಟ್ಟ ದರ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಮೊದಲ ಪಾರ್ಲರಿನ ತಪ್ಪನ್ನು ಎರಡನೆಯವರ ತಲೆಗೆ ಕಟ್ಟುವ ಕೆಲಸ ಮಾತ್ರ ಬೇಡ. ಹಾಗೆ ಕಟ್ಟಿದ್ದರಿಂದಲೇ ಇಷ್ಟೊಂದು ಬಾಗಿಲು ಮುಚ್ಚಿರುವುದು.

ಪಾರ್ಲರ್ ನಡೆಸುವ ಅಕ್ಕಂದಿರಿಗೆ

ನಿಮ್ಮ ನಿಯಮ ಏನೇ ಇರಲಿ, ಬಾಯಲ್ಲಿ ಇಟ್ಟುಕೊಳ್ಳದೆ ಗೋಡೆಗೆ ಹಚ್ಚಿ. ಒಬ್ಬರಿಗೆ ಹೂಂ, ಇನ್ನೊಬ್ಬರಿಗೆ ಊಹೂಂ ಎಂದಾಗಲೇ ಜಗಳ. ವಾಟ್ಸ್ಆ್ಯಪ್ ಸ್ಟೇಟಸ್ಸಿಗೂ ಹಾಕಬಹುದಾದ ಒಂದು ಮಾದರಿ:

“ಬೇರೆ ಪಾರ್ಲರಿನಲ್ಲಿ ಹಾಕಿಸಿದ ಜೆಲ್ ಪಾಲಿಶ್, ಅಕ್ರಿಲಿಕ್ ತೆಗೆಯುತ್ತೇವೆ. ಮೊದಲು ಒಂದು ಬೆರಳು ಪರೀಕ್ಷಿಸಿ ದರ ಹೇಳುತ್ತೇವೆ. ಹಾರ್ಡ್ ಜೆಲ್ ತೆಗೆಯುವುದಿಲ್ಲ. ಬೇರೆಯವರ ಸೆಟ್ಟಿಗೆ ರೀಫಿಲ್ ಇಲ್ಲ. ನೋವು, ಕೀವು, ಹಸಿರು ಕಲೆ ಇದ್ದರೆ ದಯವಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.”

ಕೈ ಹಚ್ಚುವ ಮುನ್ನ ಗ್ರಾಹಕರ ಎದುರಿಗೇ ಫೋಟೋ ತೆಗೆದುಕೊಂಡು ಅವರ ಮೊಬೈಲಿಗೂ ಕಳಿಸಿ; ಮುಂದಿನ ಮಾತುಕತೆಗೆ ಆಧಾರ ಅದೇ. ಒಲ್ಲೆ ಅನ್ನುವುದಾದರೆ ಬರಿಗೈಯಲ್ಲಿ ಕಳಿಸಬೇಡಿ. ಅಂಚು ಎದ್ದಿದ್ದರೆ ಗಿಡ್ಡ ಮಾಡಿ, ನಯ ಮಾಡಿ ಕೊಡಲು ಐದು ನಿಮಿಷ ಸಾಕು, ಅಷ್ಟರಲ್ಲಿ ಬಟ್ಟೆಗೆ, ಕೂದಲಿಗೆ ಸಿಕ್ಕುವುದು ತಪ್ಪುತ್ತದೆ. ನೀವೇ ಹಾಕಿ ಕಳಿಸುವವರಿಗೆ ಬಳಸಿದ ಸರಕಿನ ಹೆಸರು, ತಾರೀಖು, ತೆಗೆಯುವ ವಿಧಾನ ಬರೆದ ಚೀಟಿ ಕೊಡಿ. ನಾಳೆ ಅವರು ಮುಧೋಳದಲ್ಲೋ ಪುಣೆಯಲ್ಲೋ ಕುರ್ಚಿ ಹುಡುಕುವಾಗ ಆ ಚೀಟಿ ಕೆಲಸಕ್ಕೆ ಬರುತ್ತದೆ. ಮತ್ತೆ, ಅಸಿಟೋನ್ ಹತ್ತಿಗಳನ್ನು ತೆರೆದ ಬುಟ್ಟಿಗೆ ಎಸೆಯಬೇಡಿ. ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿ ಹಾಕಿ, ಬಾಗಿಲು ಹಾಕುವ ಮುನ್ನ ಹೊರಗೆ ಸಾಗಿಸಿ.